ಹೆಂಡತಿಯನ್ನು ಹೊತ್ತಿಳಿದ ಬೊಂಗ್‌ಸಿಕ್

ಕೊರಿಯಾದ ಬೂಸಾನ್ ನಗರದ ನಮ್ಮ ಬಡಾವಣೆಯ ಹಿಂದಿನ ಗುಡ್ಡದ ಮೇಲೆ, ನೀರಿನ ಬುಗ್ಗೆಯ ಪಕ್ಕದಲ್ಲಿ, ನಾವು ಮುದುಕರು ಬೆಳಿಗ್ಗೆ ಕಸರತ್ತು ಮಾಡುತ್ತೇವೆ. ಬಸ್ ಓಡಿಸಿ ನಿವೃತ್ತನಾದ ಬೊಂಗ್‌ಸಿಕ್‌ಗೆ ಎಪ್ಪತ್ತು ದಾಟಿದೆ. ಮಂಡಿನೋವಿನಿಂದ ಮೂಲೆ ಹಿಡಿದಿದ್ದವನು ದಿನವೂ ಬಸ್ಕಿ ಹೊಡೆದು ಕಾಲು ಗಟ್ಟಿಮಾಡಿಕೊಂಡಿದ್ದ.

ಮೊನ್ನೆ ಅವನ ಹೆಂಡತಿ ಮಾಲ್‌ಸುನ್ ನಮಗೆಲ್ಲ ಬುತ್ತಿ ತಂದಳು. ತಿಂದು ಎದ್ದರೆ, ಅವಳು ಬಂಡೆಯ ಮೇಲೆ ಕುಳಿತೇ ಇದ್ದಳು.

"ಕಾಲು ಉಳುಕಿದೆ ಕಣ್ರೀ. ನಡೆಯೋಕಾಗಲ್ಲ."

"ಆಂಬುಲೆನ್ಸ್ ಕರೀಲಾ?" ಎಂದ ಗೆಳೆಯ ದೊಕ್‌ಸು. "ಇವನು ಹೊತ್ರೆ ಇಬ್ಬರಿಗೂ ಬೇಕಾಗುತ್ತೆ."

"ಬಾಯಿ ಮುಚ್ಕೊಂಡು ಬುತ್ತಿ ಡಬ್ಬಿ ಹಿಡ್ಕೊ," ಎಂದ ಬೊಂಗ್‌ಸಿಕ್ ಹೆಂಡತಿಯ ಮುಂದೆ ಬೆನ್ನು ಬಾಗಿಸಿ ಕುಳಿತ.

ಅವಳನ್ನು ಹೊತ್ತು ಅವನು ಮೆಟ್ಟಿಲಿಳಿದರೆ, ನಾವು ದಿಬ್ಬಣದವರಂತೆ ಹಿಂದೆ ನಡೆದೆವು. ಅವನ ಕಿವಿ ಕೆಂಪಾಯಿತು, ಉಸಿರು ಜೋರಾಯಿತು. ಮಂಡಿ ಮಾತ್ರ ನಡುಗಲಿಲ್ಲ.

ಕೆಳಗೆ ರಸ್ತೆ ಸಿಕ್ಕಿದ್ದೇ ಮಾಲ್‌ಸುನ್ ಬೆನ್ನಿಂದ ಇಳಿದು ಸರಸರನೆ ನಡೆದಳು.

"ಏ, ಕಾಲು?" ಎಂದ ಬೊಂಗ್‌ಸಿಕ್.

"ಕಾಲಿಗೇನಾಗಿದೆ? ಮದುವೆ ದಿನ ಅಂಗಳದಲ್ಲಿ ಒಂದು ಸುತ್ತು ಹೊತ್ತಿದ್ರಿ, ಅಷ್ಟೇ. ಇನ್ನೊಂದ್ಸಲ ಹೊರ್ತೀರೋ ಇಲ್ವೋ ನೋಡೋಣ ಅನ್ನಿಸ್ತು."

ಬೈಯುತ್ತಾನೆ ಅಂದುಕೊಂಡೆವು. ಬೊಂಗ್‌ಸಿಕ್ ಬೆವರು ಒರೆಸಿಕೊಂಡು, ನಡುರಸ್ತೆಯಲ್ಲೇ ಮತ್ತೆ ಬೆನ್ನು ಬಾಗಿಸಿದ.

"ಹತ್ತು ಬಾ. ಮನೆ ತನಕ ಹೋಗೋಣ."

ಮಾಲ್‌ಸುನ್ ಅತ್ತಿತ್ತ ನೋಡಿ, ನಾಚಿಕೊಂಡೇ ಹತ್ತಿದಳು.