ಮಸೂದೆ ಮಂಡಿಸಲಾರದ ಅಧ್ಯಕ್ಷೆ

ಆಸ್ಟಿನ್‌ನಲ್ಲಿ ಹೈಸ್ಕೂಲು ಮಕ್ಕಳ ಅಣಕು ಕಾಂಗ್ರೆಸ್ ನಡೆಯಿತು. ಇಲ್ಲಿಯ ಸಂಸತ್ತಿಗೆ ಕಾಂಗ್ರೆಸ್ ಎಂದೇ ಹೆಸರು. ಅದರಲ್ಲಿ ನನ್ನ ಮಗಳು ನಿಧಿ ಅಮೆರಿಕದ ಅಧ್ಯಕ್ಷೆ. ನಮ್ಮೂರು ಪ್ರಾಸ್ಪರ್‌ನ ನಮ್ಮ ಬೀದಿಯಲ್ಲಿ ಈ ಸುದ್ದಿ ತಿಳಿಯದವರು ಯಾರೂ ಉಳಿದಿರಲಿಲ್ಲ. ಆ ಜವಾಬ್ದಾರಿಯನ್ನು ನಾನೇ ಹೊತ್ತಿದ್ದೆ.

ಅವಳಿಗೆ ಬೇಕಿದ್ದದ್ದು ಒಂದೇ ಕಾನೂನು. ಬಿಸಿಲಲ್ಲಿ ಮನೆ ಕಟ್ಟುವವರಿಗೆ ನೀರು, ನೆರಳು, ವಿಶ್ರಾಂತಿ ಕೊಡಲೇಬೇಕೆಂಬುದು. ಪಕ್ಕದ ಸೈಟಿನಲ್ಲಿ ಚಾವಣಿ ಹಾಕುತ್ತಿದ್ದವನೊಬ್ಬ ಕುಸಿದುಬಿದ್ದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಆದರೆ ಅಧ್ಯಕ್ಷರು ತಾವೇ ಮಸೂದೆ ಮಂಡಿಸುವಂತಿಲ್ಲವಂತೆ. ಭಾಷಣ ಮಾಡಬಹುದು, ಸದಸ್ಯರನ್ನು ಕೇಳಿಕೊಳ್ಳಬಹುದು, ಪಾಸಾಗಿ ಬಂದದ್ದಕ್ಕೆ ಸಹಿ ಹಾಕಬಹುದು, ಇಲ್ಲವೇ ತಳ್ಳಿಹಾಕಬಹುದು. ಇದೆಂಥ ಅಧ್ಯಕ್ಷಗಿರಿ ಎಂದು ನನಗೆ ಮೈಯೆಲ್ಲ ಉರಿಯಿತು.

ಬೆಳಗಿನ ಭಾಷಣಕ್ಕೆ ಹೆಚ್ಚುಕಡಿಮೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೂತ ಮೇಲೆ ತಮ್ಮ ತಮ್ಮ ಮಸೂದೆಗಳನ್ನೇ ಹಿಡಿದುಕೊಂಡರು. ಇವಳದನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲ. ಸಂಜೆಗೆ ಕಲಾಪ ಮುಗಿದರೆ ಎಲ್ಲ ಮುಗಿದಂತೆ.

ನಮ್ಮತ್ತೆ ಶಿವಬಸವ್ವ ಧಾರವಾಡದವರು. ಮನೆಯಲ್ಲಿ ಏನೇ ಕಾರ್ಯವಿದ್ದರೂ ವಾಟ್ಸಾಪ್ ಕರೆಯನ್ನು ಅವರು ಕರೆಯೆಂದೇ ಒಪ್ಪುವುದಿಲ್ಲ. ಕುಂಕುಮದ ಬಟ್ಟಲು ಹಿಡಿದು ಮನೆಮನೆಗೆ ಹೋಗಬೇಕು; ಅದರಲ್ಲೂ ಮುನಿಸಿಕೊಂಡವರ ಮನೆಗೆ ಮೊದಲು. ಹೀಗೆ ಕರೆಯಲೆಂದು ದೂರದ ಫುಲ್‌ಶೀರ್‌ವರೆಗೂ ನನ್ನಿಂದ ಡ್ರೈವ್ ಮಾಡಿಸಿದ್ದಾರೆ. ಹಿಂದಿನ ಸೀಟಿನಲ್ಲಿ ನಿಧಿಯೂ ಇರುತ್ತಿದ್ದಳು.

ಊಟದ ಬಿಡುವಿನಲ್ಲಿ ಅವಳು ನೇರ ಹೋದದ್ದು ಹ್ಯೂಸ್ಟನ್ನಿನ ಅನಿರುದ್ಧನ ಬಳಿಗೆ. ಅಧ್ಯಕ್ಷ ಸ್ಥಾನಕ್ಕೆ ಇವಳೆದುರು ನಿಂತು ಸೋತವನು ಅವನು. ಭಾಷಣಕ್ಕೂ ಕೈ ತಟ್ಟದೆ ಮುಖ ಊದಿಸಿಕೊಂಡು ಕೂತಿದ್ದ. ಅವನು ತರಲಿದ್ದ ಪ್ರವಾಹ ಪರಿಹಾರದ ಮಸೂದೆಯ ವಿಷಯ ಕೇಳಿದಳು, ಬಂದರೆ ಸಹಿ ಹಾಕುತ್ತೇನೆಂದಳು, ತನ್ನದನ್ನು ಅವನ ಹೆಸರಿನಲ್ಲೇ ಮಂಡಿಸಲು ಕೇಳಿಕೊಂಡಳು. ಆಮೇಲೆ ಒಂದೊಂದೇ ಮೇಜಿಗೆ ಹೋಗಿ ಒಬ್ಬೊಬ್ಬರನ್ನೇ ಮಾತಾಡಿಸಿದಳು. ಇಷ್ಟನ್ನೂ ನಾನೂ ಅತ್ತೆಯೂ ಕೂತಿದ್ದ ಪ್ರೇಕ್ಷಕರ ಗ್ಯಾಲರಿಗೆ ಬಂದು ಹೇಳಿದಾಗ ನನಗೆ ತಡೆಯಲಾಗಲಿಲ್ಲ.

"ನಿನ್ನದನ್ನ ಅವನ ಹೆಸರಿಗೆ ಯಾಕೆ ಬಿಟ್ಕೊಟ್ಟೆ?"

"ಮಾಮ್, ಐ ಡೋಂಟ್ ನೀಡ್ ದ ನೇಮ್. ಐ ನೀಡ್ ದ ಲಾ."

"ನನ್ನ ಮೊಮ್ಮಗಳು ಆಕಿ, ಸುಚೇತಾ. ಸುಮ್ನಿರು," ಎಂದರು ಅತ್ತೆ.

ಮಧ್ಯಾಹ್ನ ಅನಿರುದ್ಧ ನಿಧಿಯ ಮಸೂದೆಯನ್ನು ಮಂಡಿಸಿದ. ಚರ್ಚೆ ಜೋರಾಗಿಯೇ ನಡೆದು, ಕೊನೆಗೆ ಪಾಸಾಯಿತು. ಶಹಬ್ಬಾಸ್‌ಗಿರಿಯೆಲ್ಲ ಅವನಿಗೆ. ನಿಧಿ ಸಹಿ ಹಾಕಿ, ಇಲ್ಲಿಯ ಅಧ್ಯಕ್ಷರ ರೂಢಿಯಂತೆ ಆ ಪೆನ್ನನ್ನೂ ಅವನಿಗೇ ಕೊಟ್ಟು ಹಿಂದೆ ಸರಿದು ನಿಂತಳು.

ಗ್ಯಾಲರಿಯಲ್ಲಿ ನನ್ನ ಪಕ್ಕ ಕೂತಿದ್ದ ಕುಮುದಾ ಅನಿರುದ್ಧನ ತಾಯಿ. ಕಣ್ಣೊರೆಸಿಕೊಳ್ಳುತ್ತ, ಈ ಕಾನೂನು ತಂದದ್ದು ತನ್ನ ಮಗ ಎಂದರು. ನಾಲಿಗೆಯ ತುದಿಗೆ ಬಂದದ್ದನ್ನು ನಾನು ನುಂಗಿಕೊಂಡೆ.

"ಹೌದು," ಎಂದೆ, "ತುಂಬಾ ಒಳ್ಳೇ ಕೆಲ್ಸ ಮಾಡಿದಾನೆ ನಿಮ್ಮ ಮಗ."