ಕೆನಡಾ ಹೋರಿಯ ಹೆಣ್ಣುಮಕ್ಕಳು

ಟೆಂಪೊ ಕಿರಂಗೂರಿನ ಡೈರಿಯ ಮುಂದೆ ನಿಂತಾಗ ಪ್ರಮೀಳಾ ಹಿಂದುಗಡೆ, ಹಸುವಿನ ಪಕ್ಕದಲ್ಲಿ ನಿಂತಿದ್ದಳು. ಅವಳಿಲ್ಲದೆ ಹತ್ತುವುದಿಲ್ಲವೆಂದು ಚುಕ್ಕಿ ಹಟ ಹಿಡಿದಿದ್ದರಿಂದ ನಾಗಮಂಗಲದ ಕಡೆಯಿಂದ ಅಷ್ಟು ದೂರ ಅದರ ಕೊರಳು ತಬ್ಬಿಕೊಂಡೇ ಬಂದಿದ್ದಳು. ಸೀರೆಯ ಅಂಚಿಗೆಲ್ಲ ಸಗಣಿ. ಗಂಡ ದೇವರಾಜು ಮುಂದೆ ಡ್ರೈವರನ ಪಕ್ಕ ಕುಳಿತಿದ್ದ. ಹಾಲು ಹಾಕುವುದಕ್ಕೆ ಸಾಲು ನಿಂತಿದ್ದವರೆಲ್ಲ ಕ್ಯಾನು ಕೆಳಗಿಟ್ಟು ತಿರುಗಿ ನೋಡಿದರು. ಊರೆಲ್ಲ ಡೈರಿಯ ಮುಂದೆ ಸೇರುವ ಹೊತ್ತನ್ನೇ ಹುಡುಕಿಕೊಂಡು ಬರಬೇಕಿತ್ತೆ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

"ಇದು ನಮ್ ರಂಗಸ್ವಾಮಿ ಬಳುವಳಿ ಕೊಟ್ಟಿದ್ದ ಹಸ ಅಲ್ವೇನ್ಲಾ?" ಎಂದ ಮುದ್ದಯ್ಯ, ಪಕ್ಕದವನಿಗೆ.

"ಊಂ ಕಣ್ಲಾ. ಮಗ್ಳೂ ಬಂದವ್ಳೆ ನೋಡು ಜೊತೇಲಿ."

ಮಾವನ ಮನೆಯಲ್ಲಿ ದೇವರಾಜು ಹಸುವನ್ನು ಕೊಟ್ಟಿಗೆಯ ಗೂಟಕ್ಕೆ ಕಟ್ಟಿ, ಅತ್ತೆ ಕೊಟ್ಟ ಕಾಫಿ ಕುಡಿದು, ಎದುರಿನ ಗೋಡೆಗೆ ಹೇಳುವವನಂತೆ ಹೇಳಿದ. "ಅವ್ವ ಅಂದ್ಳು ಮಾವ. ಎಷ್ಟ್ ಸಲ ಇಂಜೆಕ್ಸನ್ ಕೊಡ್ಸುದ್ರೂ ಗಬ್ಬ ನಿಲ್ನಿಲ್ಲ, ಹಸ ಅಲ್ಲೇ ಇರ್ಲಿ ಅಂತ. ಇವ್ಳೂ ಒಂದಷ್ಟ್ ದಿನ ಇದ್ಕೊಂಡ್ ಬರ್ಲಿ ಅಂತ." ಎಷ್ಟು ದಿನವೆಂದು ಯಾರೂ ಕೇಳಲಿಲ್ಲ. ಬಂದ ಟೆಂಪೊದಲ್ಲೇ ಅವನು ಹೊರಟುಹೋದ.

ಮದುವೆಯಾಗಿ ಮೂರು ವರ್ಷ. ಮದುವೆಯಲ್ಲಿ ರಂಗಸ್ವಾಮಿ ಮಗಳಿಗೆ ಬಳುವಳಿಯೆಂದು ಕೊಟ್ಟ ಕಡಸು ಚುಕ್ಕಿ. ಡೈರಿಯ ಸೆಕ್ರೆಟರಿಯಾಗಿದ್ದ ಅವನು ಚಪ್ಪರದಲ್ಲಿ ಮಗಳು ಬಿ.ಎ. ಓದಿದ್ದನ್ನು ಒಂದು ಸಲ ಹೇಳಿದ್ದರೆ, ಚುಕ್ಕಿಯ ಅಪ್ಪ ಕೆನಡಾ ದೇಶದ ಹೋರಿ ಎಂಬುದನ್ನು ಹತ್ತು ಸಲ ಹೇಳಿದ್ದ. ಆ ಕೆನಡಾದ ಮಗಳಿಗೂ ಗರ್ಭ ನಿಲ್ಲಲಿಲ್ಲ, ಕಿರಂಗೂರಿನ ಮಗಳಿಗೂ ನಿಲ್ಲಲಿಲ್ಲ. ಅತ್ತೆ ಮಾರಮ್ಮ ಸೊಸೆಗೆ ನೇರವಾಗಿ ಏನೂ ಅಂದವಳಲ್ಲ. ಹಸುವಿನ ಮುಂದೆ ನಿಂತು, ಸೊಸೆಗೆ ಕೇಳುವಂತೆ, ಹಸುವಿಗೇ ಅನ್ನುತ್ತಿದ್ದಳು. ಅನ್ನಿಸಿಕೊಂಡೂ ಹಸು ಆರಾಮವಾಗಿ ಮೆಲುಕು ಹಾಕುತ್ತಿತ್ತು. ಪ್ರಮೀಳಾಗೆ ಆ ಸೌಲಭ್ಯವಿರಲಿಲ್ಲ.

ತವರಿನಲ್ಲಿ ನೆಮ್ಮದಿ ಸಿಗಬಹುದೆಂದುಕೊಂಡದ್ದು ಎರಡೇ ದಿನಕ್ಕೆ ಸುಳ್ಳಾಯಿತು. ಅವ್ವ ಬೆಟ್ಟಮ್ಮ ಬೆಳಿಗ್ಗೆ ಒಂದು ದೇವರಿಗೆ, ಸಂಜೆ ಇನ್ನೊಂದು ದೇವರಿಗೆ ಹರಕೆ ಕಟ್ಟಿಕೊಂಡಳು. ಪಕ್ಕದ ಮನೆಯ ಅಣ್ಣಮ್ಮ ಹಸುವಿಗೊಂದು ನಾರು, ಪ್ರಮೀಳಾಗೊಂದು ಬೇರು ಅರೆದು ತಂದು, ಯಾವುದು ಯಾರಿಗೆಂದು ಮರೆತು ಎರಡನ್ನೂ ಜಗುಲಿಯ ಮೇಲಿಟ್ಟು ಹೋದಳು. ಅಪ್ಪನಂತೂ ಹೋರಿಯ ಮೇಲೆ ಬಿದ್ದ. ಏಳುತ್ತಾ ಹೋರಿ, ಮಲಗುತ್ತಾ ಹೋರಿ. ಕೆನಡಾದವನನ್ನು ನಂಬಿ ಕೆಟ್ಟೆ, ಚುಕ್ಕಿಯ ತಾಯಿಗೆ ಡೆನ್ಮಾರ್ಕಿನವನ ವೀರ್ಯದ ಇಂಜೆಕ್ಷನ್ ಹಾಕಿಸಿದ್ದರೆ ಈ ಗತಿ ಬರುತ್ತಿರಲಿಲ್ಲ ಎಂದು ಹಾಲು ಅಳೆಯುವಾಗಲೂ ಅದೇ ಮಾತು. ಅಳಿಯನ ಮನೆಯ ಗದ್ದೆಗೆ ನಾಲೆಯ ನೀರು ಸಿಕ್ಕುತ್ತದೆಯೇ ಎಂದು ಹೋಗಿ ನೋಡಿ ಬಂದಿದ್ದವನು, ಹೋರಿಯ ತಾಯಿ ಎಷ್ಟು ಹಾಲು ಕೊಟ್ಟಳೆಂದು ನೋಡಿದ್ದವನು. ಇನ್ನೇನು ನೋಡಬೇಕಿತ್ತು ಎಂಬುದು ಅವನಿಗೆ ಹೊಳೆಯುತ್ತಲೇ ಇರಲಿಲ್ಲ.

ಆ ವಾರ ಶ್ರೀರಂಗಪಟ್ಟಣದಿಂದ ದನದ ಡಾಕ್ಟರ್ ಸುದರ್ಶನ್ ಬಂದರು. ಪರದೇಶದ ಹೋರಿಗಳ ಹೆಣ್ಣುಕರುಗಳು ನಮ್ಮ ಕಡೆ ಬೆಳೆದು ಹಸುವಾದಾಗ ಎಷ್ಟು ಸುಲಭವಾಗಿ ಗಬ್ಬ ಕಟ್ಟುತ್ತವೆ ಎಂದು ಊರೂರು ಸುತ್ತಿ ವಿಚಾರಿಸುವ ಕೆಲಸ ಆ ವರ್ಷ ಅವರ ತಲೆಗೆ ಬಿದ್ದಿತ್ತು. ಹೋದಲ್ಲೆಲ್ಲ ಜನ ಹಾಲಿನ ರೇಟು ಯಾಕೆ ಏರಿಸಲಿಲ್ಲವೆಂದು ಅವರನ್ನೇ ಬೈದು ಕಳಿಸುತ್ತಿದ್ದುದರಿಂದ ಅವರೂ ರೇಗಿಯೇ ಇದ್ದರು. ಜಗುಲಿಯ ಮೇಲೆ ಕೂರುತ್ತಿದ್ದಂತೆ ರಂಗಸ್ವಾಮಿ ಶುರುಮಾಡಿದ.

"ನೀವೇ ತೋರ್ಸಿದ್ರಲ್ಲ ಡಾಕ್ಟ್ರೆ ಆ ಹೋರಿಗಳ ಬುಕ್ಕು. ಡೆನ್ಮಾರ್ಕ್ ಹೋರಿಗೆ ಜಾಸ್ತಿ ನಂಬರ್ರು ಇತ್ತು. ನಾನೇ ಕೆನಡಾ ಕೆನಡಾ ಅಂತ ಕುಣುದ್ಬುಟ್ಟೆ."

"ರಂಗಸ್ವಾಮಿಯವರೇ, ಎಷ್ಟು ಸಲ ಹೇಳ್ಲಿ? ಅದು ಸೇರು, ಇದು ಕೊಳಗ. ಅವರ ಅಳತೆ ಅವರದು, ಇವರ ಅಳತೆ ಇವರದು. ಒಬ್ಬರು ಹೋರಿಯ ಹೆಣ್ಣುಮಕ್ಕಳ ಹಾಲನ್ನ ಮಾತ್ರ ಅಳೀತಾರೆ, ಇನ್ನೊಬ್ಬರು ಅವು ಗಬ್ಬ ಕಟ್ಟೋದನ್ನೂ ಸೇರಿಸ್ತಾರೆ. ಆ ನಂಬರ್ ತಂದು ಈ ನಂಬರ್ ಪಕ್ಕ ಇಟ್ಟರೆ ಏನು ಗೊತ್ತಾಗುತ್ತೆ?"

"ಮತ್ತೆ ಎಂಗ್ ಗೊತ್ತಾಗದು?"

"ಒಂದೇ ಹೋರಿ ಹೆಣ್ಣುಮಕ್ಕಳು ಎರಡೂ ದೇಶದಲ್ಲಿ ಇರಬೇಕು. ಅಲ್ಲಿ ಹೆಂಗಿದಾವೆ, ಇಲ್ಲಿ ಹೆಂಗಿದಾವೆ ಅಂತ ತಾಳೆ ನೋಡಬೇಕು. ಎರಡೂ ಕಡೆ ಗಬ್ಬ ನಿಲ್ಲದಿದ್ರೆ ಹೋರಿ ಕಡೆಯ ದೋಷ. ಒಂದು ಕಡೆ ನಿಂತು ಇನ್ನೊಂದು ಕಡೆ ನಿಲ್ಲದಿದ್ರೆ ಹೋರಿ ಏನು ಮಾಡುತ್ತೆ, ಪಾಪ."

ಕಾಫಿ ತಂದಿಟ್ಟ ಪ್ರಮೀಳಾ ಒಳಗೆ ಹೋಗಬೇಕಾದವಳು ಬಾಗಿಲಲ್ಲೇ ನಿಂತಳು. ಹೊರಗಿನವರೆದುರು ಅವಳು ಬಾಯಿಬಿಡುವುದೇ ಅಪರೂಪ. ಆದರೆ ಈ ಹೋರಿಪುರಾಣ ಕೇಳಿ ಕೇಳಿ ಅವಳ ತಾಳ್ಮೆ ತಳ ಸೇರಿತ್ತು.

"ಮುದ್ದಯ್ಯನೋರ ಹಸೂನೂ ಅದೇ ಕೆನಡಾ ಹೋರೀದೇ ಅಲ್ವಾ ಅಪ್ಪ?" ಎಂದಳು.

"ಊಂ. ಅದು ಆಗ್ಲೇ ಎಲ್ಡ್ ಕರ ಆಕ್ತಲ್ಲ."

"ಅಣ್ಣಮ್ಮತ್ತೇದು?"

"ಅದೂ ಅವನ್ದೇ. ಮೊದಲ್ನೇ ಸಲಕ್ಕೇ ನಿಂತ್ಕೊತು." ಹೇಳುತ್ತಾ ಹೇಳುತ್ತಾ ರಂಗಸ್ವಾಮಿಯ ದನಿ ನಿಧಾನವಾಯಿತು. "ಪಾಂಡವಪುರದಲ್ಲಿ ನಮ್ ತಂಗಿ ಮನೇದೂ ಅಷ್ಟೇಯ."

ಡಾಕ್ಟರು ಕಾಫಿಯ ಲೋಟ ಎತ್ತಿಕೊಂಡರು. "ಹೋರಿ ಒಂದೇ ಆಯ್ತಲ್ಲ ಹಾಗಾದ್ರೆ," ಎಂದರು. "ಮನೆ ಬೇರೆ."

ರಂಗಸ್ವಾಮಿ ಮಗಳ ಕಡೆ ಒಮ್ಮೆ ನೋಡಿ, ಕೂಡಲೇ ಕೊಟ್ಟಿಗೆಯ ಕಡೆಗೆ ಮುಖ ತಿರುಗಿಸಿದ. ಒಳಗಿನಿಂದ ಬೆಟ್ಟಮ್ಮ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳದ್ರಂತೆ. ಹೋರಿ ಬೈದಿದ್ದು ಸಾಕು, ಕಾಪಿ ಕುಡೀರಿ," ಎಂದಳು.

ಗಂಡನ ಮನೆಯಲ್ಲಿ ಹಸು ಬೆದೆಗೆ ಬರುವುದನ್ನು ಗಮನಿಸುವವರು ಯಾರು ಎಂದು ಡಾಕ್ಟರು ಕೇಳಿದರು. ನಾನೇ ಎಂದಳು ಪ್ರಮೀಳಾ. ಮತ್ತೆ ಡಾಕ್ಟರಿಗೆ ಹೇಳಿಕಳಿಸುವವರು? ಅವಳು ನೆಲ ನೋಡುತ್ತಾ ಹೇಳತೊಡಗಿದಳು. ಕೋಳಿ ಕೂಗುವ ಹೊತ್ತಿಗೆ ಹಸು ಅರಚುತ್ತಿತ್ತು. ಆದರೆ ಸೊಸೆಯಾದವಳು ಬೆದೆ ಗಿದೆ ಎಂದು ಗಂಡಸರ ಮುಂದೆ ಬಾಯಲ್ಲಿ ಆಡುವಂತಿಲ್ಲ. ಹಸು ಕೂಗುತ್ತಿದೆ ಎಂದು ಅತ್ತೆಗೆ ಹೇಳಬೇಕು. ಅತ್ತೆ, ಹೇಳ್ತೀನಿ ಬುಡು ಎನ್ನುತ್ತಿದ್ದಳು. ಅವಳು ಮನಸ್ಸು ಬಂದಾಗ ಮಾವನಿಗೆ ಹೇಳಬೇಕು, ಮಾವ ಸೋಮವಾರ ಅಮಾವಾಸ್ಯೆ ನೋಡಿ ಮಗನನ್ನು ಕಳಿಸಬೇಕು, ಮಗ ಹೋಗಿ ಡಾಕ್ಟರನ್ನು ಹುಡುಕಬೇಕು. ಬೆಳಿಗ್ಗೆ ಕೂಗಿದ ಹಸುವಿಗೆ ಸಂಜೆಯೊಳಗೆ ಇಂಜೆಕ್ಷನ್ ಬೀಳಬೇಕೆನ್ನುವುದು ಕಿರಂಗೂರಿನಲ್ಲಿ ಎಲ್ಲರಿಗೂ ಗೊತ್ತು. ಅಲ್ಲಿ ಅದು ಮಾರನೆಯ ದಿನ ಮಧ್ಯಾಹ್ನವಾಗುತ್ತಿತ್ತು. ಅಷ್ಟು ಹೊತ್ತಿಗೆ ಬೆದೆ ಇಳಿದು, ಚುಕ್ಕಿ ಏನೂ ಆಗೇ ಇಲ್ಲವೆಂಬಂತೆ ಹುಲ್ಲು ತಿನ್ನುತ್ತಿತ್ತು.

ಹೇಳಿ ಮುಗಿಸುವಾಗ ಅವಳ ಮನಸ್ಸಿನಲ್ಲಿದ್ದದ್ದು ಹಸುವಲ್ಲ. ಹೋದ ವರ್ಷ ಕಾರ್ತೀಕದಲ್ಲಿ ಅತ್ತೆಯ ಜೊತೆ ಆದಿಚುಂಚನಗಿರಿಯ ಆಸ್ಪತ್ರೆಗೆ ಹೋಗಿದ್ದಾಗ, ನಿನ್ನಲ್ಲೇನೂ ತೊಂದರೆಯಿಲ್ಲಮ್ಮ, ಯಜಮಾನರೂ ಒಂದು ಸಲ ಬಂದು ತೋರಿಸಿಕೊಳ್ಳಲಿ ಎಂದು ಅಲ್ಲಿನ ಡಾಕ್ಟರಮ್ಮ ಹೇಳಿದ್ದರು. ಅತ್ತೆ ಹೊರಗೆ ಕುಳಿತಿದ್ದಳು. ಬಸ್ಸಿನಲ್ಲಿ ಬರುವಾಗ ಪ್ರಮೀಳಾ ಮೆಲ್ಲಗೆ ಅದನ್ನು ತಿಳಿಸಿ, ನೀವೇ ಅವರಿಗೆ ಹೇಳಿ ಎಂದಿದ್ದಳು. ಮಾರಮ್ಮ ಕಿಟಕಿಯಾಚೆ ನೋಡುತ್ತಾ, ಹೇಳ್ತೀನಿ ಬುಡು ಅಂದಿದ್ದಳು. ಆಮೇಲೆ ದೇವರಾಜು ಏನೂ ಮಾತೆತ್ತಲಿಲ್ಲ. ಒಪ್ಪಲಿಲ್ಲವೆಂದೇ ಅವಳು ತಿಳಿದುಕೊಂಡು, ಒಳಗೊಳಗೇ ಅವನ ಮೇಲೆ ಹಲ್ಲು ಕಡಿಯುತ್ತಾ ವರ್ಷ ಕಳೆದಿದ್ದಳು.

ಚುಕ್ಕಿ ಮುಂದಿನ ಸಲ ಬೆದೆಗೆ ಬಂದಾಗ ಪ್ರಮೀಳಾ ಎದ್ದು ಬಂದು, ಹಲ್ಲುಜ್ಜುತ್ತಿದ್ದ ಅಪ್ಪನ ಮುಂದೆ ನಿಂತು, ಹಸು ಬೆದೆಗೆ ಬಂದಿದೆ ಎಂದು ಆ ಪದದಲ್ಲೇ ಹೇಳಿದಳು. ಹೇಳಿದ ಮೇಲೆ ಆಕಾಶವೇನೂ ಕಳಚಿ ಬೀಳಲಿಲ್ಲ. ಅಂದು ಸಂಜೆಯೇ ಇಂಜೆಕ್ಷನ್ ಆಯಿತು. ಯಾವ ದೇಶದ ಹೋರಿಯದೆಂದು ರಂಗಸ್ವಾಮಿ ಕೇಳಲೇ ಇಲ್ಲ. ಮೂರು ತಿಂಗಳು ಬಿಟ್ಟು ಸುದರ್ಶನ್ ಭುಜದವರೆಗೂ ಕೈಗವಸು ಏರಿಸಿಕೊಂಡು ಪರೀಕ್ಷೆ ಮಾಡಿ, "ನಿಂತಿದೆ," ಎಂದರು.

ಆ ಸುದ್ದಿ ಯಾವ ಬಸ್ಸು ಹತ್ತಿ ಹೋಯಿತೋ. ನಾಲ್ಕನೆಯ ದಿನ ದೇವರಾಜು ಅದೇ ಟೆಂಪೊದಲ್ಲಿ ಬಂದಿಳಿದ. ಹಿಂದುಗಡೆ ಹಸುವಿಗೆ ಮೆತ್ತಗಿರಲೆಂದು ದಪ್ಪಗೆ ಹುಲ್ಲು ಹಾಸಿದ್ದ.

"ಕರ್ಕೊಂಡ್ ಬಾ ಅಂದ್ಳು ಅವ್ವ," ಎಂದ.

"ಯಾರ್ನ?" ಎಂದಳು ಬೆಟ್ಟಮ್ಮ.

ಅವನು ಕೊಟ್ಟಿಗೆಯ ಕಡೆ ನೋಡಿದ, ಬಾಗಿಲ ಕಡೆ ನೋಡಿದ. "ಎಲ್ಡನ್ನೂವೆ," ಎಂದ. ಬೆಟ್ಟಮ್ಮ ಲೋಟವನ್ನು ಕುಕ್ಕಿದ ರಭಸಕ್ಕೆ ಕಾಫಿ ಜಗುಲಿಗೆಲ್ಲ ಚೆಲ್ಲಿತು.

ಪ್ರಮೀಳಾ ಒರೆಸುವ ಬಟ್ಟೆ ತಂದವಳು ಒರೆಸದೆ ನಿಂತಳು. ಅಪ್ಪ ಇದ್ದ, ಡ್ರೈವರ್ ಇದ್ದ, ಹಾಲಿನ ಕ್ಯಾನು ಹಿಡಿದು ಬಂದ ಮುದ್ದಯ್ಯನೂ ಇದ್ದ. "ಹಸು ಇಲ್ಲೇ ಕರ ಹಾಕ್ಲಿ. ಬಳುವಳಿ ನನ್ನದು," ಎಂದಳು. ಆಮೇಲೆ ಗಂಡನ ಕಡೆ ತಿರುಗಿದಳು. "ಆಸ್ಪತ್ರೇಲಿ ನಿಮ್ಮನ್ನೂ ಬಂದು ತೋರಿಸ್ಕೊಳ್ಳಿ ಅಂದಿದ್ರು. ಅತ್ತೆ ಹತ್ರ ಹೇಳಿ ಕಳಿಸಿದ್ದೆ. ವರ್ಷದ ಮೇಲಾಯ್ತು."

ಮುದ್ದಯ್ಯ ಕ್ಯಾನಿನ ಮುಚ್ಚಳವನ್ನು ಸರಿಮಾಡತೊಡಗಿದ. ದೇವರಾಜುವಿನ ಮುಖ ಕೆಂಪಗಾಗಿ, ಆಮೇಲೆ ಬಿಳಿಚಿತು.

"ಅವ್ವ ನಂಗೇನೂ ಅನ್ನಿಲ್ವಲ್ಲ," ಎಂದ. "ನೀನ್ಯಾಕೆ ನಂಗೇ ಏಳ್ನಿಲ್ಲ?"

"ಹಸುವಿನ ವಿಷಯಾನೂ ಅತ್ತೆಗೇ ಹೇಳ್ತಿದ್ದೆ."

ಅವನು ತಲೆ ತಗ್ಗಿಸಿ ಕುಳಿತ. ಅವನನ್ನು ಇಷ್ಟು ದಿನ ಬೈದುಕೊಂಡದ್ದರಲ್ಲಿ ಅರ್ಧವನ್ನಾದರೂ ವಾಪಸು ತೆಗೆದುಕೊಳ್ಳಬೇಕೇನೋ ಎಂದು ಪ್ರಮೀಳಾಗೆ ಅನ್ನಿಸಿತು. ಉಳಿದರ್ಧ ಇರಲಿ.

"ಈಗ ಹೇಳಿದೀನಿ," ಎಂದಳು. "ನಮ್ಮನೆ ದಾರಿ ದಾಟ್ಕೊಂಡು ಇನ್ನೊಂದಷ್ಟು ದೂರ ಹೋದ್ರೆ ಆಸ್ಪತ್ರೆ."

ದೇವರಾಜು ಎದ್ದ. ಹೋಗಿ ಟೆಂಪೊ ಹತ್ತಿದ. ಹೊರಟೇಬಿಟ್ಟನೆಂದು ಬೆಟ್ಟಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಅವನೋ, ಹಿಂದುಗಡೆ ಹಾಸಿದ್ದ ಹುಲ್ಲನ್ನು ತಬ್ಬಿ ತಬ್ಬಿ ತಂದು ಚುಕ್ಕಿಯ ಮುಂದೆ ಹಾಕತೊಡಗಿದ. ಹಸ ಏರ್ಸಲ್ವಾ ಅಣ್ಣ ಎಂದು ಡ್ರೈವರ್ ಕೇಳಿದರೂ ಹುಲ್ಲು ಹಾಕುತ್ತಲೇ ಇದ್ದ. ಪ್ರಮೀಳಾ ಒಳಗೆ ಹೋಗಿ ಬ್ಯಾಗು ತಂದಳು. ಚಪ್ಪಲಿ ಮೆಟ್ಟಿಕೊಂಡು, ಹಿಂದುಗಡೆಗೆ ಹೋಗದೆ, ಮುಂದಿನ ಬಾಗಿಲು ತೆಗೆದು ಕಿಟಕಿಯ ಪಕ್ಕ ಕುಳಿತಳು. ದೇವರಾಜು ಆ ಕಡೆಯಿಂದ ಹತ್ತಿ ಡ್ರೈವರನಿಗೆ ಆಸ್ಪತ್ರೆಯ ದಾರಿ ಹೇಳಿದ.

ಚುಕ್ಕಿ ಹುಲ್ಲಿನಿಂದ ಮುಖವೆತ್ತಿ ಒಂದು ಸಲ ನೋಡಿ, ಮತ್ತೆ ಬಾಯಿ ಹಾಕಿತು. ಹಸುವಿಲ್ಲದ ಟೆಂಪೊ ಡೈರಿಯ ಮುಂದಿನ ಉಬ್ಬು ಹತ್ತಿ ಇಳಿಯುವಾಗ, ಹಿಂದೆ ಉಳಿದಿದ್ದ ನಾಲ್ಕು ಎಳೆ ಹುಲ್ಲು ಗಾಳಿಗೆ ಎದ್ದು ರಸ್ತೆಗೆ ಬಿತ್ತು.