ಮೂರನೆಯ ದಿನದ ತುಪ್ಪ

ಬೆಣ್ಣೆ ಕಾಯುವಾಗ ಹಾಕಬೇಕಾದ ವೀಳ್ಯದೆಲೆಯನ್ನು ಪುಟ್ಟಲಕ್ಷ್ಮಮ್ಮ ಮರೆತೇಬಿಟ್ಟಿದ್ದಳು. ಗಂಡನ ಅಕ್ಕ ಬೈರಮ್ಮನೇ ಎಲೆ ಹರಿದು ಪಾತ್ರೆಗೆ ಹಾಕಿದಳು. ಚಟಪಟ ಸದ್ದಾಗಿ, ಪರಿಮಳ ಅಡುಗೆಮನೆ ದಾಟಿ ಜಗುಲಿಯವರೆಗೂ ಹೋಯಿತು. ಮೂರು ವರ್ಷದಿಂದ ಆ ಮನೆಯಲ್ಲಿ ಬೆಣ್ಣೆ ಕಾಯಿಸಿರಲಿಲ್ಲ. ಜಗುಲಿಯಲ್ಲಿದ್ದ ನೆಂಟರು ಒಳಕ್ಕೆ ತಿರುಗಿ ನೋಡಿದರು.

ಗಂಡ ಮರಿಯಣ್ಣ ತೀರಿಕೊಂಡು ಅಂದಿಗೆ ಮೂರನೆಯ ದಿನ. ತೆಂಗಿನ ತೋಟದ ಮೂಲೆಯಲ್ಲಿ ಮಣ್ಣು ಮಾಡಿದ್ದರು. ಆ ಗುಡ್ಡೆಯ ಮೇಲೆ ಇವತ್ತು ಹಾಲು ತುಪ್ಪ ಬಿಡಬೇಕು. ಬೆಣ್ಣೆಯನ್ನು ಬೈರಮ್ಮ ತನ್ನ ಮನೆಯಿಂದ ತಂದಿದ್ದಳು.

ನೆಹರೂ ಹೋದ ವರ್ಷ, ಕಾಯಿ ಸುಲಿಯುತ್ತಿದ್ದ ಮರಿಯಣ್ಣನಿಗೆ ಎದೆ ಹಿಡಿದುಕೊಂಡಿತ್ತು. ಹಾಸನದ ಡಾಕ್ಟರು ಗುಳಿಗೆ ಕೊಟ್ಟು, ಭಾರ ಎತ್ತಬೇಡ ಎಂದಿದ್ದರು. ಊಟದ ಮಾತು ತೆಗೆದಿರಲಿಲ್ಲ. ಅದನ್ನು ತೆಗೆದದ್ದು ಪೇಪರು. ಪುಟ್ಟಲಕ್ಷ್ಮಮ್ಮನ ಮೈದುನ ತಮ್ಮಯ್ಯ ಚನ್ನರಾಯಪಟ್ಟಣದ ಕಚೇರಿಯೊಂದರಲ್ಲಿ ಜವಾನ. ಸಾಹೇಬರು ಓದಿ ಬಿಟ್ಟ ಪೇಪರನ್ನು ಸಂಜೆ ತಂದು ಜಗುಲಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದ. ತುಪ್ಪ, ಬೆಣ್ಣೆ, ತೆಂಗಿನಕಾಯಿ ರಕ್ತನಾಳಗಳಲ್ಲಿ ಕೂತು ಎದೆಯನ್ನು ಕಟ್ಟುತ್ತವೆಂದು ಅಮೆರಿಕದವರು ಪ್ರಯೋಗ ಮಾಡಿ ಕಂಡುಕೊಂಡಿದ್ದಾರೆ ಎಂದು ಒಂದು ದಿನ ಓದಿದ.

"ಯಾರ್ ಮ್ಯಾಲ್ಲಾ ನೋಡುದ್ರಂತೆ?" ಮರಿಯಣ್ಣ ಕೇಳಿದ್ದ.

"ಮೊಲದ ಮ್ಯಾಲೆ ಕಣಣ್ಣ."

"ಮೊಲ ಯಾವತ್ಲಾ ತುಪ್ಪ ಉಂಡಿತ್ತು? ಉಲ್ಲು ತಿನ್ನೋದುಕ್ಕೆ ತುಪ್ಪ ಕುಡ್ಸುದ್ರೆ ಸಾಯ್ದೆ ಇನ್ನೇನ್ ಮಾಡ್ತದೆ? ನಂಗೊಂದು ತಿಂಗ್ಳು ಉಲ್ಲಾಕಿ ನೋಡು, ನಾನೂ ಸಾಯ್ತೀನಿ."

ಜಗುಲಿಯೆಲ್ಲ ನಕ್ಕಿತು. ಮರಿಯಣ್ಣ ಪೇಪರಿನ ಮೇಲೆ ಬಗ್ಗಿ, "ಅದ್ರ ಕೆಳ್ಗೇನ್ಲಾ ಅದು, ಡಬ್ಬಿ ಚಿತ್ರ?" ಎಂದ.

"ವನಸ್ಪತಿ ಜಾಹೀರಾತು. ಎಣ್ಣೇಲಿ ಮಾಡೋ ತುಪ್ಪ."

"ಸರೋಯ್ತು ಬುಡು. ಮ್ಯಾಲೆ ಎದರ್ಸಾದು, ಕೆಳಗೆ ಮಾರಾದು."

ಬಾಗಿಲಲ್ಲಿ ನಿಂತಿದ್ದ ಪುಟ್ಟಲಕ್ಷ್ಮಮ್ಮ ನಗಲಿಲ್ಲ. ಓದು ಬಾರದ ಅವಳಿಗೆ, ಅಚ್ಚಿನಲ್ಲಿ ಬಂದದ್ದು ಸುಮ್ಮನೆ ಬಂದಿರಲಾರದು ಅನ್ನಿಸಿತು. ಮಾರನೆಯ ದಿನದಿಂದ ಕರೆದ ಹಾಲೆಲ್ಲ ಪಟ್ಟಣದ ಹೋಟೆಲಿಗೆ ಹೋಯಿತು. ಮನೆಯ ಹಿಂದೆ ತೆಂಗಿನ ತೋಟವಿದ್ದೂ ಸಾರಿಗೆ ಕಾಯಿ ಬೀಳಲಿಲ್ಲ. ಹಬ್ಬಕ್ಕೆ ಬೈರಮ್ಮ ಕಳಿಸುತ್ತಿದ್ದ ತುಪ್ಪವನ್ನು ಮಾತ್ರ, ಮರಿಯಣ್ಣ ಮುದ್ದೆಯ ನೆತ್ತಿಯಲ್ಲಿ ಗುಳಿ ಮಾಡಿಕೊಂಡು ಕಾಯುವಾಗ, ಚಮಚದಿಂದ ಒಂದು ತೊಟ್ಟು ಬಿಡುತ್ತಿದ್ದಳು.

"ವಸಿ ಕೈ ಸಡ್ಲ ಮಾಡು ಕಣಮ್ಮಿ."

"ಸುಮ್ಕೆ ಉಣ್ಣಿ. ನೀವು ನಂಗೆ ಬೇಕು."

ಮೊನ್ನೆ ಮುದ್ದೆಗೆ ಉಪ್ಪೆಸರು ಮಾಡಿದ್ದಳು. ಹಬ್ಬವೇನೂ ಇರಲಿಲ್ಲ. ಆದರೂ ಮರಿಯಣ್ಣ ಮುದ್ದೆಯ ನೆತ್ತಿಯನ್ನು ಬೆರಳಿಂದ ಒತ್ತಿ ಗುಳಿ ಮಾಡಿ, ಅವಳ ಮುಖ ನೋಡಿದ. ಅವಳು ನೀರು ತರುವ ನೆಪ ಮಾಡಿ ಒಳಗೆ ಹೋದಳು. ಬಂದಾಗ ಅವನು ಗೋಡೆಗೆ ಒರಗಿದ್ದ. ಗುಳಿ ಹಾಗೇ ಇತ್ತು.

ಈಗ ತಮ್ಮಯ್ಯ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಪೂಜೆ ಸಾಮಾನು ಸುತ್ತಿದ್ದ ಪೇಪರನ್ನು ಬಿಡಿಸುತ್ತಿದ್ದ. ರೂಢಿಯಂತೆ ಅದರ ಮೇಲೆ ಕಣ್ಣಾಡಿಸಿದವನು ಅಲ್ಲೇ ತಡೆದ. ಊದುಬತ್ತಿ ಕೈಯಲ್ಲೇ ಉಳಿಯಿತು.

"ಏನು ಬರ್ದವ್ರೆ?" ಪುಟ್ಟಲಕ್ಷ್ಮಮ್ಮ ಕೇಳಿದಳು.

"ಏನಿಲ್ಲ ಅತ್ಗೆ."

"ಓದು."

ಅವನು ಎಂದಿನ ಗಟ್ಟಿ ದನಿ ಬಿಟ್ಟು ಮೆಲ್ಲಗೆ ಓದಿದ. ತುಪ್ಪ ಬೆಣ್ಣೆಗೂ ಎದೆಯ ಕಾಯಿಲೆಗೂ ಸಂಬಂಧವಿದೆಯೆಂದು ಇನ್ನೂ ರುಜುವಾತಾಗಿಲ್ಲವಂತೆ. ಹಿಂದಿನ ಪ್ರಯೋಗಗಳು ಸಾಲವಂತೆ. ಬೇರೆ ದೇಶದ ಡಾಕ್ಟರೊಬ್ಬರಿಗೆ ಸಕ್ಕರೆಯ ಮೇಲೆಯೇ ಅನುಮಾನವಂತೆ.

"ಇವ್ರು ಯಾರ್ ಮ್ಯಾಲೆ ನೋಡುದ್ರಂತೆ?"

"ಅದ ಬರ್ದಿಲ್ಲ."

"ಅಂಗಾರೆ ಅವತ್ತಿಂದು ಸುಳ್ಳಾ, ಇವತ್ತಿಂದು ಸುಳ್ಳಾ?"

"ನಂಗೇನ್ ಗೊತ್ತು ಅತ್ಗೆ. ನಾನು ಇದ್ದಂಗೆ ಓದ್ದೋನು." ತಮ್ಮಯ್ಯ ಊದುಬತ್ತಿಯನ್ನು ಕೆಳಗಿಟ್ಟ. "ಅವತ್ತು ಓದ್ಲೇ ಬಾರ್ದಿತ್ತು."

ಅವಳು ಕೈ ಚಾಚಿ ಆ ಹಾಳೆ ಇಸಿದುಕೊಂಡಳು. ನಾಲ್ಕು ಮಡಿಕೆ ಮಾಡಿ, ಅದರಲ್ಲೇ ಬಿಸಿ ಪಾತ್ರೆಯ ಕಂಠ ಹಿಡಿದು ಕೆಳಗಿಳಿಸಿದಳು. ತುಪ್ಪ ತುಳುಕಿದ ಕಡೆ ಎರಡೂ ಬದಿಯ ಅಕ್ಷರಗಳು ಒಂದರ ಮೇಲೊಂದು ಕಾಣತೊಡಗಿದವು.

ತೋಟದಲ್ಲಿ ಬೆಳಗಿನ ಬಿಸಿಲು ಇನ್ನೂ ನೆಲ ಮುಟ್ಟಿರಲಿಲ್ಲ, ಚಳಿಯಿತ್ತು. ಗುಡ್ಡೆಯ ಮುಂದೆ ಎಡೆ ಇಟ್ಟು, ಒಬ್ಬೊಬ್ಬರೇ ಹಾಲು ತುಪ್ಪ ಬಿಟ್ಟು ಕೈಮುಗಿದು ಸರಿದರು. ಪುಟ್ಟಲಕ್ಷ್ಮಮ್ಮನ ಸರದಿ ಬಂತು. ಹಾಲು ಬಿಟ್ಟಳು. ಒಣಮಣ್ಣು ಬಿದ್ದಷ್ಟನ್ನೂ ಕುಡಿಯಿತು. ಆಮೇಲೆ ಚಮಚದಲ್ಲಿ ತುಪ್ಪ ತೆಗೆದು ಬಗ್ಗಿಸಿದಳು. ಒಂದು ತೊಟ್ಟು ಬಿತ್ತು. ಕೈ ತಾನಾಗಿ ಚಮಚವನ್ನು ನೆಟ್ಟಗೆ ಮಾಡಿಬಿಟ್ಟಿತು.

ಅವಳು ಚಮಚವನ್ನೇ ನೋಡುತ್ತ ಕೂತಳು.

"ಬುಡು ಕಣೇ ಪುಟ್ಟಿ," ಎಂದಳು ಬೈರಮ್ಮ. "ಇನ್ನೂ ಯಾಕೆ ಕೈ ಇಡೀತಿಯೆ?"

ಪುಟ್ಟಲಕ್ಷ್ಮಮ್ಮ ಚಮಚವನ್ನು ಪಕ್ಕಕ್ಕಿಟ್ಟಳು. ಗುಡ್ಡೆಯ ತಲೆಯ ಕಡೆ, ಹಾಲಿಗೆ ನೆನೆದ ಮಣ್ಣನ್ನು ಬೆರಳುಗಳಿಂದ ಒತ್ತಿ ಒಂದು ಗುಳಿ ಮಾಡಿದಳು. ಪಾತ್ರೆಯನ್ನೇ ಎತ್ತಿ, ಬುಡ ಕಾಣುವವರೆಗೂ ಸುರಿದಳು.

ಹಾಲಿನಂತೆ ಅದು ಇಂಗಲಿಲ್ಲ. ಗುಳಿಯ ತುಂಬ ನಿಂತು, ಅಂಚಿನಿಂದ ಮೆಲ್ಲಗೆ ಬೆಳ್ಳಗಾಗುತ್ತ ಹೆಪ್ಪುಗಟ್ಟತೊಡಗಿತು.